ಘಟ್ಟದ ಇಳಿಜಾರು ಮತ್ತು ಬ್ರೇಕ್ ಪ್ಯಾಡಿನ ಆಯುಷ್ಯ: ಒಂದು ಟಿಪ್ಪಣಿ

ಕಾರಿನ ಬ್ರೇಕ್ ಪ್ಯಾಡ್ ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂದು ಕೇಳಿದರೆ 30,000ದಿಂದ 70,000ದವರೆಗೆ ಯಾವ ಉತ್ತರವಾದರೂ ಸಿಗಬಹುದು. ಇಷ್ಟು ಅಗಲವಾದ ಅಂದಾಜಿನಿಂದ ವಾಹನದ ಮಾಲೀಕರಿಗೆ ಪ್ರಯೋಜನ ಕಡಿಮೆ. ಈ ಅಂತರಕ್ಕೆ ಕಾರಣವೇನು, ಪ್ಯಾಡ್ ಬದಲಿಸುವ ಹೊತ್ತನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದನ್ನು ಆಗುಂಬೆ ಘಾಟಿಯ ಉದಾಹರಣೆಯಿಂದ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಬ್ರೇಕ್ ಒತ್ತಿದಾಗ ವಾಹನದ ಚಲನಶಕ್ತಿ ಪ್ಯಾಡ್ ಮತ್ತು ಡಿಸ್ಕಿನ ನಡುವಿನ ಘರ್ಷಣೆಯಲ್ಲಿ ಶಾಖವಾಗುತ್ತದೆ. 1,500 ಕೆ.ಜಿ. ತೂಕದ ಕಾರನ್ನು ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 93 ಕಿಲೋಜೌಲ್, 80 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 370 ಕಿಲೋಜೌಲ್ ಶಕ್ತಿ ಕರಗಬೇಕು. ವೇಗ ಇಮ್ಮಡಿಯಾದರೆ ಹೊರೆ ನಾಲ್ಮಡಿ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂಚಕ್ರದ ಪ್ಯಾಡುಗಳೇ ಸಾಮಾನ್ಯವಾಗಿ ಮೊದಲು ಸವೆಯುತ್ತವೆ.

ಆಗುಂಬೆಯಿಂದ ಘಾಟಿಯ ಬುಡದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳನ್ನು ದಾಟಿ ಇಳಿಯಬೇಕು. ಇಳಿತವನ್ನು ಸ್ಥೂಲವಾಗಿ 500 ಮೀಟರ್ ಎಂದು ಹಿಡಿದರೆ ಅದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 7,350 ಕಿಲೋಜೌಲ್. 80 ಕಿ.ಮೀ. ವೇಗದ ಕಾರನ್ನು 20 ಬಾರಿ ನಿಲ್ಲಿಸಿದಷ್ಟಾಯಿತು ಇದು. ಗಾಳಿಯ ತಡೆ ಮತ್ತು ಟೈರಿನ ಉರುಳುತಡೆ ಇದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ಮತ್ತು ಬ್ರೇಕ್ ಹಂಚಿಕೊಳ್ಳಬೇಕು. ಎರಡನೇ ಗೇರಿನಲ್ಲಿ ಇಳಿಯುವವರ ಕಾರಿನಲ್ಲಿ ಎಂಜಿನ್ನೇ ಸಾಕಷ್ಟು ತಡೆ ಒಡ್ಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಪ್ಯಾಡಿನ ಕಣಗಳನ್ನು ಹಿಡಿದಿಡುವ ರಾಳ ಅತಿಶಾಖದಲ್ಲಿ ಶಿಥಿಲವಾಗಿ ಸವೆತ ಚುರುಕಾಗುತ್ತದೆ. ಒಂದೇ ಮಾದರಿಯ ಎರಡು ಕಾರುಗಳ ಪ್ಯಾಡುಗಳು ಬೇರೆ ಬೇರೆ ಕಾಲ ಬಾಳುವುದಕ್ಕೆ ದಾರಿ ಮತ್ತು ಚಾಲನೆಯ ಈ ವ್ಯತ್ಯಾಸವೇ ಮುಖ್ಯ ಕಾರಣ.

ಆದ್ದರಿಂದ ದಪ್ಪವನ್ನು ಅಳೆಯುವುದೇ ಸರಿಯಾದ ವಿಧಾನ. ಹಿಂಬದಿಯ ಉಕ್ಕಿನ ತಗಡನ್ನು ಬಿಟ್ಟು, ಹೊಸ ಪ್ಯಾಡಿನ ಘರ್ಷಣ ಪದರ ಸಾಮಾನ್ಯವಾಗಿ 10–12 ಮಿ.ಮೀ. ಇರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ಕ್ಷೇಮ. ಬಹಳಷ್ಟು ಕಾರುಗಳಲ್ಲಿ 2 ಮಿ.ಮೀ. ಕೊನೆಯ ಮಿತಿ, ತಯಾರಕರ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಪದರ ತೆಳುವಾದಷ್ಟೂ ಶಾಖ ಸುಲಭವಾಗಿ ಬ್ರೇಕ್ ಆಯಿಲ್‌ಗೆ ದಾಟುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದೇ ಇಲ್ಲ.

ಸವೆದ ಪ್ಯಾಡಿಗೆ ಅಂಟಿದ ಲೋಹದ ಪಟ್ಟಿ ಡಿಸ್ಕಿಗೆ ತಗುಲಿ ಕೀರಲು ಸದ್ದು ಮಾಡುವುದುಂಟು. ಇದು ಉಪಯುಕ್ತ ಎಚ್ಚರಿಕೆ, ಆದರೆ ಈ ಪಟ್ಟಿ ಎಲ್ಲ ಪ್ಯಾಡುಗಳಿಗೂ ಇರುವುದಿಲ್ಲ. ಅಲಾಯ್ ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಬಿಗಿದಿದ್ದರೆ, ಹೊರಗಿನದು ಅರ್ಧ ಉಳಿದಿರುವಾಗಲೇ ಒಳಗಿನದು ತಗಡಿನವರೆಗೂ ಸವೆದಿರಬಹುದು. ಬ್ರೇಕ್ ಆಯಿಲಿನ ಮಟ್ಟವೂ ಒಂದು ಸುಳಿವು: ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಸರಿದು ಮಟ್ಟ ಇಳಿಯುತ್ತದೆ. ಕಾರಣ ನೋಡದೆ ಆಯಿಲ್ ತುಂಬಿಸಿದರೆ ಆ ಸುಳಿವು ಅಳಿಸಿಹೋಗುತ್ತದೆ.

ಎರಡು ಅಳತೆಗಳಿದ್ದರೆ ಮುಂದಿನದನ್ನು ಅಂದಾಜಿಸಬಹುದು. 11 ಮಿ.ಮೀ. ಇದ್ದ ಪ್ಯಾಡ್ 40,000 ಕಿ.ಮೀ. ಓಡಿದ ಮೇಲೆ 5 ಮಿ.ಮೀ. ಉಳಿದಿದ್ದರೆ, ಅದೇ ಬಗೆಯ ಓಡಾಟದಲ್ಲಿ 3 ಮಿ.ಮೀ. ಮುಟ್ಟಲು ಇನ್ನು ಸುಮಾರು 13,000 ಕಿ.ಮೀ. ಬೇಕು. ಓಡಾಟದ ದಾರಿ ಬದಲಾದರೆ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಬದಲಿಸುವಾಗ ಎಡ-ಬಲ ಎರಡೂ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಬೇಕು. ಡಿಸ್ಕಿನ ದಪ್ಪವನ್ನೂ ಪರೀಕ್ಷಿಸಬೇಕು.

ಮಲೆನಾಡು ಮತ್ತು ಕರಾವಳಿಯ ನಡುವೆ ಓಡಾಡುವವರಲ್ಲಿ ಒಂದು ಮನವಿ: ಪ್ರತಿ ಸರ್ವಿಸಿನಲ್ಲೂ ಚಕ್ರ ಬಿಚ್ಚಿಸಿ, ಒಳ-ಹೊರ ಎರಡೂ ಪ್ಯಾಡುಗಳ ದಪ್ಪವನ್ನು ಅಳೆಸಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. 3 ಮಿ.ಮೀ. ಮುಟ್ಟಿದ್ದರೆ ಘಟ್ಟ ಇಳಿಯುವ ಮೊದಲೇ ಬದಲಿಸಿ.