ಮತಾಧಿಕಾರವೂ ಪುಸ್ತಕಭಂಡಾರದ ಬಾಗಿಲೂ

ಓದಬಲ್ಲವನಿಗೆ ಮಾತ್ರವೇ ಮತವೆಂದು ವಿಧಿಸಿದ ರಾಜ್ಯವು ಓದುವ ಮನೆಯ ಬಾಗಿಲನ್ನು ತಾನೇ ಮುಚ್ಚಿ ಕುಳಿತರೆ, ಆ ವಿಧಿಯ ಉದ್ದೇಶವೇನಿರಬಹುದು? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಮುಕ್ಕಾಲು ಶತಮಾನದ ಕಾಲ ಲಕ್ಷಾಂತರ ಪ್ರಜೆಗಳು ಈ ಎರಡು ಬಾಗಿಲುಗಳ ನಡುವೆ ನಿಂತಿದ್ದರು. ಸಾರ್ವಜನಿಕ ಪುಸ್ತಕಭಂಡಾರಕ್ಕೂ ಪ್ರಜೆಯ ಮತಕ್ಕೂ ಇರುವ ಸಂಬಂಧವು ಎಂತಹುದೆಂಬುದನ್ನು, ಆ ಸಂಬಂಧವನ್ನು ಕಡಿದುಹಾಕಲು ನಡೆದ ಪ್ರಯತ್ನದ ಚರಿತ್ರೆಯಿಂದಲೇ ಹೆಚ್ಚು ಸ್ಪಷ್ಟವಾಗಿ ಅರಿಯಬಹುದಾಗಿದೆ.

ಆ ದೇಶದ ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿಯು ರದ್ದಾಯಿತು. 1870ರಲ್ಲಿ ರಾಜ್ಯಾಂಗಕ್ಕೆ ಹದಿನೈದನೆಯ ತಿದ್ದುಪಡಿಯು ಸೇರಿ, ಜನಾಂಗ ವರ್ಣಗಳ ಕಾರಣದಿಂದ ಯಾರ ಮತವನ್ನೂ ಕಸಿಯಬಾರದೆಂದು ಗೊತ್ತಾಯಿತು. ಆದರೆ ಇಪ್ಪತ್ತು ವರ್ಷಗಳು ಕಳೆಯುವುದರೊಳಗೆ ದಕ್ಷಿಣದ ಬಿಳಿಯರು ಅದನ್ನು ದಾಟುವ ಉಪಾಯವನ್ನು ಕಂಡುಕೊಂಡರು. ಮಿಸಿಸಿಪಿ ಸಂಸ್ಥಾನವು 1890ರಲ್ಲಿ ಮಾಡಿಕೊಂಡ ಹೊಸ ರಾಜ್ಯಾಂಗದ ಮತಾಧಿಕಾರದ ವಿಧಿಗಳಲ್ಲಿ ವರ್ಣದ ಹೆಸರೇ ಇಲ್ಲ. ಮತದಾರನು ಎರಡು ಡಾಲರುಗಳ ತಲೆಗಂದಾಯವನ್ನು ಕೊಡಬೇಕು. ರಾಜ್ಯಾಂಗದ ಯಾವುದಾದರೊಂದು ಪ್ರಕರಣವನ್ನು ಓದಬೇಕು, ಇಲ್ಲವೆ ಓದಿ ಹೇಳಿದಾಗ ಅದನ್ನು ಗ್ರಹಿಸಬೇಕು, ಇಲ್ಲವೆ ಅದಕ್ಕೆ ಸಮಂಜಸವಾದ ಅರ್ಥವನ್ನು ಹೇಳಬೇಕು—ಇಷ್ಟೇ. ಯಾವುದು ಸಮಂಜಸವೆಂದು ತೀರ್ಮಾನಿಸುವವನು ಮತದಾರರ ಪಟ್ಟಿಯ ಅಧಿಕಾರಿ. ಪ್ರಕರಣಗಳು 285, ಅವುಗಳಲ್ಲಿ ಯಾವುದನ್ನು ಯಾರ ಮುಂದಿಡಬೇಕೆಂಬುದೂ ಅವನ ಇಚ್ಛೆಯೇ. ಬಿಳಿಯನಿಗೆ ಒಂದು ಸಾಲಿನ ವಾಕ್ಯ, ಕಪ್ಪುಮನುಷ್ಯನಿಗೆ ನ್ಯಾಯವಾದಿಗಳೂ ತಡವರಿಸುವ ಪುಟ. 1954ರಲ್ಲಿ ಈ ಪರೀಕ್ಷೆಯನ್ನು ಇನ್ನೂ ಬಿಗಿಮಾಡಿ, ಓದಿ ಅರ್ಥ ಹೇಳುವುದರ ಜೊತೆಗೆ ಪ್ರಜೆಯ ಕರ್ತವ್ಯಗಳ ವಿಷಯವಾಗಿ ಬರೆದೂ ತೋರಿಸಬೇಕೆಂದು ಸೇರಿಸಿದರು. ಪಾಠಶಾಲೆಯ ಉಪಾಧ್ಯಾಯರೂ ಇದರಲ್ಲಿ ಅನುತ್ತೀರ್ಣರಾದರು. (ಭಾರತದ ರಾಜ್ಯಾಂಗವು ಅಕ್ಷರಜ್ಞಾನವನ್ನು ಮತಕ್ಕೆ ಮೆಟ್ಟಿಲಾಗಿ ಮಾಡದೆ ಹೋದುದು ಎಷ್ಟು ದೂರದೃಷ್ಟಿಯ ಕೆಲಸವೆಂಬುದು ಇದರಿಂದ ತಿಳಿಯುತ್ತದೆ.)

ಇಂತಹ ಪರೀಕ್ಷೆಗೆ ಸಿದ್ಧನಾಗಬೇಕಾದವನು ಪುಸ್ತಕಭಂಡಾರವನ್ನು ಹುಡುಕಿಕೊಂಡು ಹೋಗುವುದು ಸಹಜವಷ್ಟೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣದ ನಗರಗಳಲ್ಲಿ ಸಾರ್ವಜನಿಕ ಭಂಡಾರಗಳು ಒಂದೊಂದಾಗಿ ಎದ್ದವು. ಅವುಗಳಿಗೆ ಬೇಕಾದ ತೆರಿಗೆಯನ್ನು ಕಪ್ಪುಜನರಿಂದಲೂ ಎತ್ತಲಾಗುತ್ತಿದ್ದಿತು. ಪ್ರವೇಶ ಮಾತ್ರ ಇರಲಿಲ್ಲ. ಕೆಂಟಕಿಯ ಲೂಯಿವಿಲ್ ನಗರದಲ್ಲಿ 1905ರಲ್ಲಿ ಕಪ್ಪುಜನರಿಗಾಗಿ, ಕಪ್ಪುಜನರೇ ನಡೆಸುವ ಒಂದು ಶಾಖೆಯು ತೆರೆಯಿತು. ಅದು ಗೌರವಾರ್ಹವಾದ ಅಪವಾದ. ಉಳಿದೆಡೆಗಳಲ್ಲಿ ಒಂದೋ ಏನೂ ಇಲ್ಲ, ಇಲ್ಲವೆ ಬಿಳಿಯರು ಓದಿ ಬಿಟ್ಟ ಹರಕು ಹೊತ್ತಗೆಗಳ ಸಣ್ಣದೊಂದು ಕೋಣೆ. ಮಿಸಿಸಿಪಿಯಲ್ಲಿ ಹುಟ್ಟಿದ ಪ್ರಸಿದ್ಧ ಗ್ರಂಥಕರ್ತರಾದ ರಿಚರ್ಡ್ ರೈಟ್ ಅವರು ತರುಣರಾಗಿ ಮೆಂಫಿಸ್ ನಗರದಲ್ಲಿ ಕೂಲಿಗಿದ್ದಾಗ, ಮೆಂಕೆನ್ ಎಂಬ ವಿಮರ್ಶಕರ ಪುಸ್ತಕಗಳನ್ನು ಓದುವ ಆಸೆಯಿಂದ ಜೊತೆಯ ಬಿಳಿಯ ಕೆಲಸಗಾರನೊಬ್ಬನ ಚೀಟಿಯನ್ನು ಬೇಡಿ ಪಡೆದು, ಆ ಬಿಳಿಯನೇ ಬರೆದಂತೆ ಒಂದು ಪತ್ರವನ್ನು ತಾವೇ ಬರೆದುಕೊಂಡು ಹೋದರು. ತನಗಾಗಿ ಅಲ್ಲ, ಯಜಮಾನನಿಗಾಗಿ ಒಯ್ಯುತ್ತಿರುವ ಅನಕ್ಷರಸ್ಥ ಹುಡುಗನಂತೆ ನಟಿಸಿ ಪುಸ್ತಕಗಳನ್ನು ತಂದರು. ಈ ಪ್ರಸಂಗವು 1945ರಲ್ಲಿ ಪ್ರಕಟವಾದ ಅವರ ಆತ್ಮಕಥೆಯಲ್ಲಿದೆ.

ಕಳ್ಳತನದಿಂದ ಓದುವುದನ್ನು ಬಿಟ್ಟು ಎದುರಿನ ಬಾಗಿಲಿನಿಂದಲೇ ಹೋಗಬೇಕೆಂದು ನಿಶ್ಚಯಿಸಿದವರು ಸ್ಯಾಮ್ಯುಯೆಲ್ ಟಕ್ಕರ್ ಎಂಬ ತರುಣ ನ್ಯಾಯವಾದಿಗಳು. ಅವರು ವರ್ಜೀನಿಯಾ ಸಂಸ್ಥಾನದ ಅಲೆಕ್ಸಾಂಡ್ರಿಯಾ ನಗರದವರು. ಕಾನೂನಿನ ಕಾಲೇಜಿನ ಮೆಟ್ಟಿಲನ್ನೇ ಹತ್ತದೆ, ಸ್ವಂತ ಓದಿನಿಂದ ಪರೀಕ್ಷೆಯನ್ನು ಗೆದ್ದವರು. ಪುಸ್ತಕದ ಬೆಲೆಯನ್ನು ಬಲ್ಲವರು. ಅವರ ಮನೆಯಿಂದ ಅನತಿದೂರದಲ್ಲಿಯೇ 1937ರಲ್ಲಿ ನಗರದ ಹೊಸ ಪುಸ್ತಕಭಂಡಾರವು ತೆರೆದಿದ್ದಿತು. 1939ರ ಮಾರ್ಚಿಯಲ್ಲಿ ಟಕ್ಕರರು ಜಾರ್ಜ್ ವಿಲ್ಸನ್ ಎಂಬ ನಿವೃತ್ತ ಸೈನಿಕರೊಡನೆ ಹೋಗಿ ಸದಸ್ಯತ್ವದ ಚೀಟಿಯನ್ನು ಕೇಳಿದರು; ದೊರೆಯಲಿಲ್ಲ. ಆಗ ಅವರು ನ್ಯಾಯಸ್ಥಾನದಲ್ಲಿ ದಾವೆಯನ್ನು ಹೂಡಿದುದಲ್ಲದೆ ಮತ್ತೊಂದು ದಾರಿಯನ್ನೂ ಯೋಚಿಸಿದರು. ಆಗಸ್ಟ್ 21ರಂದು ಶುಭ್ರವಾದ ಉಡುಪು ಧರಿಸಿದ ಐವರು ತರುಣರು ಒಬ್ಬೊಬ್ಬರಾಗಿ ಒಳಹೊಕ್ಕು ಸೌಜನ್ಯದಿಂದ ಚೀಟಿಯನ್ನು ಕೇಳಿದರು. ಇಲ್ಲವೆನ್ನಲು, ಪ್ರತಿಯೊಬ್ಬರೂ ಕಪಾಟಿನಿಂದ ಒಂದೊಂದು ಪುಸ್ತಕವನ್ನು ತೆಗೆದುಕೊಂಡು ಬೇರೆ ಬೇರೆ ಮೇಜುಗಳಲ್ಲಿ ಕುಳಿತು ಮೌನವಾಗಿ ಓದತೊಡಗಿದರು. ಬೇರೆ ಬೇರೆ ಮೇಜುಗಳೇಕೆಂದರೆ, ಒಂದೆಡೆ ಕುಳಿತರೆ ಮಾತನಾಡಿ ಗದ್ದಲವೆಬ್ಬಿಸಿದರೆಂಬ ನೆಪವು ಸಿಗುತ್ತಿದ್ದಿತು. ಪೋಲೀಸರು ಬಂದರು. ಓದುತ್ತ ಕುಳಿತವರ ಮೇಲೆ ಹೊರಿಸಲಾದ ಆರೋಪವಾದರೋ, ಶಾಂತಿಭಂಗ! ಆ ಆರೋಪದ ಮೇಲೆ ನ್ಯಾಯಾಧೀಶನು ತೀರ್ಪನ್ನೇ ಕೊಡಲಿಲ್ಲ. ನಗರಸಭೆಯು ಅವಸರದಿಂದ ಕಪ್ಪುಜನರಿಗೆಂದು ಬೇರೊಂದು ಸಣ್ಣ ಭಂಡಾರವನ್ನು 1940ರಲ್ಲಿ ತೆರೆಯಿತು. ಅಲ್ಲಿಯ ಚೀಟಿಯನ್ನು ಟಕ್ಕರರಿಗೆ ಕೊಡಬಂದಾಗ ಅವರು ಅದನ್ನು ನಿರಾಕರಿಸಿ, ತಮಗೆ ಬೇಕಾದುದು ಮೊದಲಿನ ಭಂಡಾರದ ಚೀಟಿಯೆಂದು ಪತ್ರ ಬರೆದರು. ಬೇರೆ ಊರುಗಳಲ್ಲಿ ಇಂತಹ ಸಂಧಾನವನ್ನು ಒಪ್ಪಿಕೊಂಡವರು ಅನೇಕರು. ಅವರನ್ನು ಹಳಿಯಲಾಗದು, ಓದುವ ಹಸಿವಿಗೆ ಅರ್ಧರೊಟ್ಟಿಯೂ ರೊಟ್ಟಿಯೇ. ಆದರೆ ಪ್ರಶ್ನೆಯು ಪುಸ್ತಕದ್ದಲ್ಲ, ಪ್ರಜೆಯ ಸ್ಥಾನದ್ದು ಎಂಬುದನ್ನು ಕಂಡವರು ಟಕ್ಕರರು.

ಭಂಡಾರವೇ ಇಲ್ಲದ ಹಳ್ಳಿಗಾಡುಗಳಲ್ಲಿ ಜನರು ತಾವೇ ಬೇರೆ ವ್ಯವಸ್ಥೆಯನ್ನು ಮಾಡಿಕೊಂಡರು. ದಕ್ಷಿಣ ಕ್ಯಾರೊಲೈನಾದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವರು ದುಡಿಯುವವರನ್ನು ಚಾರ್ಲ್ಸ್‌ಟನ್ ಪಟ್ಟಣಕ್ಕೆ ಒಯ್ಯುವ ಬಸ್ಸನ್ನು ನಡೆಸುತ್ತಿದ್ದರು; ದಾರಿಯುದ್ದಕ್ಕೂ ಪ್ರಯಾಣಿಕರಿಗೆ ರಾಜ್ಯಾಂಗದ ವಾಕ್ಯಗಳನ್ನು ಹೇಳಿಕೊಡುತ್ತಿದ್ದರು. ಆದರೆ ಬಾಯಿಪಾಠವಾದುದು ಓದಿದಂತಾಗದಷ್ಟೆ. 1957ರ ಜನವರಿಯಲ್ಲಿ ಸೆಪ್ಟಿಮಾ ಕ್ಲಾರ್ಕ್ ಅವರ ಪ್ರೇರಣೆಯಿಂದ ಅಲ್ಲಿ ಒಂದು ರಾತ್ರಿಶಾಲೆಯು ಹುಟ್ಟಿತು. ಅದು ನಡೆಯುತ್ತಿದ್ದುದು ಒಂದು ಸಹಕಾರಿ ದಿನಸಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಮುಂದೆ ಅಂಗಡಿ ಇದ್ದುದರಿಂದ ಬಿಳಿಯರಿಗೆ ಸಂಶಯ ಬರಲಿಲ್ಲ. ಪಾಠ ಹೇಳಿದವರು ಕೇಶಾಲಂಕಾರದ ವೃತ್ತಿಯ ಬರ್ನಿಸ್ ರಾಬಿನ್ಸನ್. ಮೊದಲ ತರಗತಿಗೆ ಬಂದವರು 14 ಮಂದಿ. ತಮಗೇನು ಕಲಿಯಬೇಕೆಂದಿದೆ ಎಂದು ರಾಬಿನ್ಸನ್ನರು ಮೊದಲು ಅವರನ್ನೇ ಕೇಳಿದರು. ತಮ್ಮ ಹೆಸರನ್ನು ಬರೆಯುವುದು, ಮನಿಯಾರ್ಡರಿನ ನಮೂನೆ ತುಂಬುವುದು, ಬೈಬಲ್ಲನ್ನು ಓದುವುದು—ಇವು ಅವರ ಕೋರಿಕೆಗಳು. ಅದೇ ಹಲಗೆಯ ಮೇಲೆ ಮತದಾನದ ಕಾಯಿದೆಯ ಶಬ್ದಗಳೂ ಮೂಡಿದವು. ಈ ಮಾದರಿಯ ಪ್ರಜಾಶಾಲೆಗಳು ಮುಂದೆ ದಕ್ಷಿಣದಾದ್ಯಂತ ಹರಡಿದವು.

ಮಿಸಿಸಿಪಿಯ ರಾಜಧಾನಿಯಾದ ಜ್ಯಾಕ್‌ಸನ್ನಿನಲ್ಲಿ 1961ರ ಮಾರ್ಚಿ 27ರಂದು ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಅಲೆಕ್ಸಾಂಡ್ರಿಯಾದ ಕ್ರಮವನ್ನೇ ಹಿಡಿದರು. ಮೊದಲು ಕಪ್ಪುಜನರ ಭಂಡಾರಕ್ಕೆ ಹೋಗಿ, ಅಲ್ಲಿ ಇಲ್ಲದ ಪುಸ್ತಕಗಳನ್ನು ಕೇಳಿ, ಬಳಿಕ ಬಿಳಿಯರ ಮುಖ್ಯಭಂಡಾರದಲ್ಲಿ ಕುಳಿತು ಓದಿದರು. ಸೆರೆಮನೆ, ತಲೆಗೆ ನೂರು ಡಾಲರು ದಂಡ, ಮೂವತ್ತು ದಿನಗಳ ಅಮಾನತು ಶಿಕ್ಷೆ. ವಿಚಾರಣೆಯ ದಿನ ನ್ಯಾಯಸ್ಥಾನದ ಹೊರಗೆ ನೆರೆದಿದ್ದ ಜನರ ಮೇಲೆ ಪೋಲೀಸರು ನಾಯಿಗಳನ್ನು ಬಿಟ್ಟರು.

1964ರ ಬೇಸಗೆಯಲ್ಲಿ ಓದಿನ ಕೆಲಸವೂ ಮತದ ಕೆಲಸವೂ ಬಹಿರಂಗವಾಗಿ ಒಂದಾದವು. ಉತ್ತರದಿಂದ ಸುಮಾರು ಸಾವಿರ ಸ್ವಯಂಸೇವಕರು ಮಿಸಿಸಿಪಿಗೆ ಬಂದು, ಸ್ಥಳದ ಕಾರ್ಯಕರ್ತರೊಡನೆ ಸೇರಿ ಸ್ವಾತಂತ್ರ್ಯಶಾಲೆಗಳನ್ನೂ ಸ್ವಾತಂತ್ರ್ಯ ಪುಸ್ತಕಭಂಡಾರಗಳನ್ನೂ ತೆರೆದರು. ದಾನವಾಗಿ ಬಂದ ಪುಸ್ತಕಗಳ ಪೆಟ್ಟಿಗೆಗಳು ಇಗರ್ಜಿಗಳಲ್ಲಿಯೂ ಪಾಳುಮನೆಗಳಲ್ಲಿಯೂ ಬಿಚ್ಚಿದವು. ತಮ್ಮ ಪೂರ್ವಿಕರ ಚರಿತ್ರೆಯನ್ನು ಪುಸ್ತಕದಲ್ಲಿ ಮೊದಲ ಬಾರಿಗೆ ಕಂಡ ಮಕ್ಕಳು ಅಲ್ಲಿ ಓದಿದರು. ತಂದೆತಾಯಿಗಳು ಪಟ್ಟಿಯ ಅರ್ಜಿಯ ಪ್ರಶ್ನೆಗಳನ್ನು ಅಭ್ಯಾಸ ಮಾಡಿದರು. ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಜೂನ್ 21ರಂದು ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕಲ್ ಶ್ವರ್ನರ್ ಎಂಬ ಮೂವರು ಕೊಲೆಯಾದರು. ಆ ವರ್ಷ ಸುಮಾರು 17,000 ಮಂದಿ ಕಪ್ಪುಜನರು ಪಟ್ಟಿಗೆ ಹೆಸರು ಬರೆಯಿಸಲು ಹೋದರು. ಸ್ವೀಕೃತವಾದ ಅರ್ಜಿಗಳು ಸುಮಾರು 1,600 ಮಾತ್ರ.

ಅದೇ ವರ್ಷದ ಮಾರ್ಚಿಯಲ್ಲಿ ನೆರೆಯ ಲೂಯಿಸಿಯಾನಾದ ಕ್ಲಿಂಟನ್ ಗ್ರಾಮದಲ್ಲಿ ನಡೆದುದು ಸಣ್ಣ ಸಂಗತಿ, ಆದರೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ಊರೂರು ಸುತ್ತುವ ಪುಸ್ತಕದ ಮೋಟಾರುಗಾಡಿಗಳು ಎರಡು: ಬಿಳಿಯರಿಗೆ ಕೆಂಪುಗಾಡಿ, ಕಪ್ಪುಜನರಿಗೆ ನೀಲಿಗಾಡಿ. ಹೆನ್ರಿ ಬ್ರೌನ್ ಎಂಬ ತರುಣರು ನಾಲ್ವರು ಸಂಗಡಿಗರೊಡನೆ ಭಂಡಾರದೊಳಕ್ಕೆ ಹೋಗಿ, ಆರ್ನಾ ಬಾಂಟೆಂಪ್ಸ್ ಅವರು ಬರೆದ ಕಪ್ಪುಜನರ ಚರಿತ್ರೆಯ ಪುಸ್ತಕವನ್ನು ಕೇಳಿದರು. ಪುಸ್ತಕವಿಲ್ಲ, ತರಿಸಿಕೊಡುವೆನೆಂದು ಗ್ರಂಥಪಾಲಕಿಯು ಹೇಳಿದ ಮೇಲೂ ಅವರು ಹೊರಡದೆ ಶಾಂತವಾಗಿ ಅಲ್ಲಿಯೇ ಇದ್ದರು. ಬ್ರೌನ್ ಕುಳಿತಿದ್ದರು, ಉಳಿದವರು ನಿಂತಿದ್ದರು. ಅದಕ್ಕಾಗಿ ಬಂಧನ. ಪುಸ್ತಕವು ಬಳಿಕ ಅಂಚೆಯಲ್ಲಿ ಬಂದಿತು. ಅಂಚೆಯಲ್ಲಾಗಲಿ ನೀಲಿಗಾಡಿಯಲ್ಲಾಗಲಿ ಹಿಂದಿರುಗಿಸತಕ್ಕದ್ದೆಂಬ ಚೀಟಿಯೂ ಅದರೊಂದಿಗಿದ್ದಿತು. 1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ವರ ವಿರುದ್ಧ ಐವರ ಬಹುಮತದಿಂದ ಅವರ ಶಿಕ್ಷೆಯನ್ನು ರದ್ದುಗೊಳಿಸಿತು. ಒಂದೇ ಒಂದು ಮತದ ಅಂತರ!

ಅಷ್ಟರೊಳಗೆ 1965ರ ಆಗಸ್ಟ್ 6ರಂದು ಮತಾಧಿಕಾರದ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದು, ದಕ್ಷಿಣದಲ್ಲಿ ಓದಿನ ಪರೀಕ್ಷೆಯು ನಿಂತುಹೋಗಿದ್ದಿತು. ಮಿಸಿಸಿಪಿಯಲ್ಲಿ ವಯಸ್ಕರಾದ ಕಪ್ಪುಜನರ ಪೈಕಿ ಪಟ್ಟಿಯಲ್ಲಿದ್ದವರು 1964ರಲ್ಲಿ ನೂರಕ್ಕೆ ಏಳರಷ್ಟೂ ಇರಲಿಲ್ಲ. 1967ರಲ್ಲಿ ನೂರಕ್ಕೆ ಅರುವತ್ತರ ಸಮೀಪಕ್ಕೆ ಬಂದರು. ಅಧಿಕಾರಿಗಳು ಇಷ್ಟು ಕಾಲ ಅಜ್ಞಾನವೆಂದು ಕರೆದುದು ಮೂರು ವರ್ಷಗಳಲ್ಲಿ ಕರಗುವಂತಹುದಾಗಿರಲಿಲ್ಲ, ಕರಗಿದುದು ಅಡ್ಡಿ.

1993ರಲ್ಲಿ ಅಮೆರಿಕೆಯ ಶಾಸನಸಭೆಯು ಮತದಾರರ ನೋಂದಣಿಯ ಬಗೆಗೆ ಮತ್ತೊಂದು ಕಾಯಿದೆಯನ್ನು ಮಾಡಿತು. ಸಂಸ್ಥಾನಗಳು ಯಾವ ಯಾವ ಕಚೇರಿಗಳನ್ನು ನೋಂದಣಿಯ ಸ್ಥಳಗಳಾಗಿ ಗೊತ್ತುಮಾಡಬಹುದೆಂದು ಹೇಳುವ ಕಡೆ ಅದು ಮೊದಲು ಹೆಸರಿಸಿರುವುದು ಸಾರ್ವಜನಿಕ ಪುಸ್ತಕಭಂಡಾರಗಳನ್ನು. ಅಲೆಕ್ಸಾಂಡ್ರಿಯಾದ ಐವರು ತರುಣರ ಮೇಲಿನ ಶಾಂತಿಭಂಗದ ಆರೋಪವಾದರೋ ಕಡತದಲ್ಲಿ ಹಾಗೆಯೇ ಉಳಿದಿದ್ದಿತು. ಎಂಬತ್ತು ವರ್ಷಗಳ ತರುವಾಯ, 2019ರ ಅಕ್ಟೋಬರಿನಲ್ಲಿ, ಅದೇ ನಗರದ ನ್ಯಾಯಸ್ಥಾನವು ಅದನ್ನು ವಜಾಮಾಡಿತು.