ರಟ್ಟರ ಶಾಸನಗಳ ಎರಡು ನೆಲೆಗಳು: ಸವದತ್ತಿ ಮತ್ತು ಲಂಡನ್

ಬೆಳಗಾವಿ ಜಿಲ್ಲೆಯ ಸವದತ್ತಿ ಪರಿಸರಕ್ಕೆ ಬರುವ ಪ್ರವಾಸಿಗರ ದಿನಚರಿ ಬಹುಮಟ್ಟಿಗೆ ಗೊತ್ತುಪಡಿಸಿದಂತಿರುತ್ತದೆ. ಬೆಳಿಗ್ಗೆ ಕಿತ್ತೂರಿನ ಕೋಟೆ ಮತ್ತು ಅಲ್ಲಿಯ ವಸ್ತುಸಂಗ್ರಹಾಲಯ, ಮಧ್ಯಾಹ್ನ ಎಲ್ಲಮ್ಮನ ಗುಡ್ಡ, ಸಂಜೆಗೆ ಮಲಪ್ರಭೆ ಗುಡ್ಡಗಳ ಸಂದಿಯಲ್ಲಿ ಹಾದುಹೋಗುವ ನವಿಲುತೀರ್ಥ, ಅಲ್ಲಿಯ ಅಣೆಕಟ್ಟು. ಲಂಡನ್ನಿಗೆ ಹೋದವರೂ ಇದೇ ರೀತಿ ಬ್ರಿಟಿಷ್ ಮ್ಯೂಸಿಯಮ್ಮಿಗೆಂದು ಒಂದು ದಿನವನ್ನು ತೆಗೆದಿರಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಎರಡು ಸುತ್ತಾಟಗಳನ್ನು ಕನ್ನಡದ ಕೆಲವು ಶಿಲಾಲೇಖಗಳು ಬೆಸೆಯುತ್ತವೆ.

ನವಿಲುತೀರ್ಥದ ಸುತ್ತಲಿನ ನಾಡು ಕೂಂಡಿ ಮೂರುಸಾಸಿರ. ಅದನ್ನು ಆಳಿದವರು ರಟ್ಟರು. ಇಂದಿನ ಸವದತ್ತಿಯೇ ಅವರ ರಾಜಧಾನಿಯಾಗಿದ್ದ ಸುಗಂಧವರ್ತಿ. ಬಳಿಕ ವೇಣುಗ್ರಾಮ, ಅಂದರೆ ಬೆಳಗಾವಿ, ಆ ಸ್ಥಾನವನ್ನು ಪಡೆಯಿತು. ಶಕ 797ರ (ಕ್ರಿ.ಶ. 875) ದತ್ತಿಯನ್ನು ಹೇಳುವ ಸವದತ್ತಿಯ ಶಾಸನದಲ್ಲಿ ರಟ್ಟ ಪೃಥ್ವೀರಾಮನು ಮೈಳಾಪತೀರ್ಥದ ಕಾರೇಯ ಗಣಕ್ಕೆ ಸೇರಿದ ಇಂದ್ರಕೀರ್ತಿಯ ಶಿಷ್ಯನೆನಿಸಿದ್ದಾನೆ. ಕ್ರಿ.ಶ. 980ರ ಶಾಸನವು ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟುದನ್ನು ತಿಳಿಸುತ್ತದೆ. ಕಾರೇಯ ಗಣದ ಹೆಸರು ಬೈಲಹೊಂಗಲ ತಾಲೂಕಿನ ಕಲಭಾವಿಯ ಶಾಸನದಲ್ಲಿಯೂ ಬರುತ್ತದೆ. ಸವದತ್ತಿಗೆ ಸಮೀಪದ ಹೂಲಿಯ ಶಾಸನಗಳಲ್ಲಿ ಯಾಪನೀಯ ಸಂಘದ ಗಣಗಳು ಕಾಣಿಸಿಕೊಳ್ಳುತ್ತವೆ.

ಈ ಗಣನಾಮಗಳಿಗೆ ಮಹತ್ತ್ವ ಬಂದಿರುವುದಕ್ಕೆ ಕಾರಣವಿದೆ. ಯಾಪನೀಯರು ದಿಗಂಬರರಂತೆ ನಗ್ನತೆಯನ್ನು ಆಚರಿಸುತ್ತಿದ್ದರೂ ಶ್ವೇತಾಂಬರರಂತೆ ಸ್ತ್ರೀಮುಕ್ತಿಯನ್ನು ಒಪ್ಪಿದ್ದವರು. ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ಈ ಸಂಘದವನು. ಇಂದು ಯಾಪನೀಯರೆಂದು ಹೇಳಿಕೊಳ್ಳುವ ಮುನಿಸಂಘವಾಗಲಿ ಶ್ರಾವಕ ಸಮುದಾಯವಾಗಲಿ ಇಲ್ಲ. ಅವರ ಇತಿಹಾಸಕ್ಕೆ ಉಳಿದಿರುವ ಮುಖ್ಯ ಆಧಾರಗಳಲ್ಲಿ ಈ ಭಾಗದ ಕಲ್ಲುಗಳೂ ಸೇರಿವೆ. ಒಂದು ಕಲ್ಲು ಕಣ್ಮರೆಯಾದರೆ ಒಂದು ಗುರುಪರಂಪರೆಯ ಕೊಂಡಿಯೇ ಕಳಚುತ್ತದೆ.

ಈ ಕಲ್ಲುಗಳ ಓದು ಆರಂಭವಾದ ಬಗೆಯಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದಾಗ ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅವರಲ್ಲಿ ಒಬ್ಬನು ತರುಣ ವಾಲ್ಟರ್ ಎಲಿಯಟ್. ಡಿಸೆಂಬರ್ ಆರಂಭದಲ್ಲಿ ಬಿಡುಗಡೆಗೊಂಡ ಆತನು ಮುಂದೆ ಇದೇ ಸೀಮೆಯಲ್ಲಿ ಶಾಸನಗಳ ಪ್ರತಿಗಳನ್ನು ಮಾಡಿಸತೊಡಗಿ, ಒಟ್ಟು 595 ಶಾಸನಗಳ ಸಂಗ್ರಹವನ್ನು ಸಿದ್ಧಪಡಿಸಿದನು. ಚೆನ್ನಮ್ಮನ ಸೆರೆಯಾಳು ಕನ್ನಡ ಶಾಸನಶಾಸ್ತ್ರದ ಮೊದಲಿಗರಲ್ಲಿ ಒಬ್ಬನಾದನು. ಅಮರಾವತಿಯ ಸ್ತೂಪದಿಂದ ಅವನು ಅಗೆಸಿದ ಶಿಲ್ಪಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಎಲಿಯಟ್‌ನ ತರುವಾಯ ಜೆ. ಎಫ್. ಫ್ಲೀಟ್ ರಟ್ಟರ ಶಾಸನಗಳನ್ನು ಸಂಪಾದಿಸಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಅದೇ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಬೆಳಗಾವಿಯ ಎರಡು ಕನ್ನಡ ಶಾಸನಗಳೂ ಸೇರಿದವು. ಎಲ್. ಡಿ. ಬಾರ್ನೆಟ್ ಅವನ್ನು ಎಪಿಗ್ರಾಫಿಯಾ ಇಂಡಿಕಾದ ಹದಿಮೂರನೆಯ ಸಂಪುಟದಲ್ಲಿ ಪ್ರಕಟಿಸಿದನು. ಅವುಗಳ ಕಾಲ ಶಕ 1127 (ಕ್ರಿ.ಶ. 1204), ನಾಲ್ಕನೆಯ ಕಾರ್ತವೀರ್ಯನು ಸೋದರ ಮಲ್ಲಿಕಾರ್ಜುನನೊಡನೆ ಆಳುತ್ತಿದ್ದ ಕಾಲ. ಬೀಚಿರಾಜನು ಕಟ್ಟಿಸಿದ ರಟ್ಟ ಜಿನಾಲಯಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ಬಿಟ್ಟ ದತ್ತಿ ಅವುಗಳ ವಿಷಯ. ಬೆಳಗಾವಿ ಕೋಟೆಯಲ್ಲಿರುವ ಕಮಲಬಸದಿಯನ್ನು ಈ ಜಿನಾಲಯವೆಂದು ಗುರುತಿಸುವುದು ವಾಡಿಕೆ. ಈ ಶಾಸನರಚನೆಯಿಂದಲೇ ಬಾಲಚಂದ್ರ ಕವಿಕಂದರ್ಪನ ಹೆಸರು ಕನ್ನಡ ಕವಿಚರಿತೆಗೆ ಸೇರಿತು. ಪಾರ್ಶ್ವನಾಥಪುರಾಣದ ಪಾರ್ಶ್ವಪಂಡಿತ, ಪುಷ್ಪದಂತಪುರಾಣದ ಇಮ್ಮಡಿ ಗುಣವರ್ಮ ಇವರೂ ರಟ್ಟರ ಆಶ್ರಯವಲಯದ ಕವಿಗಳೇ. ಹೀಗಾಗಿ ಈ ಕಲ್ಲುಗಳನ್ನು ಹದಿಮೂರನೆಯ ಶತಮಾನದ ಚಂಪೂಸಾಹಿತ್ಯದೊಂದಿಗೇ ಓದಬೇಕಾಗುತ್ತದೆ.

ಹೊರದೇಶದಲ್ಲಿದ್ದರೂ ಶಾಸನ ಸುರಕ್ಷಿತವಾಗಿದೆಯಲ್ಲ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಊರಿನಲ್ಲಿಯೇ ಉಳಿದ ಎಷ್ಟೋ ಕಲ್ಲುಗಳು ಗೋಡೆಗೆ, ಮೆಟ್ಟಿಲಿಗೆ, ಬಟ್ಟೆ ಒಗೆಯುವುದಕ್ಕೆ ಬಳಕೆಯಾಗಿ ಸವೆದಿವೆ. ಆದರೆ ದಾನಶಾಸನವೆಂಬುದು ನೆಲಕ್ಕೆ ಅಂಟಿಕೊಂಡ ಬರವಣಿಗೆ. ಅದು ಹೊಲದ ಎಲ್ಲೆಯನ್ನು, ದಾರಿಯನ್ನು, ನೆರೆಯ ಊರನ್ನು ಹೆಸರಿಸುತ್ತದೆ. ಆ ದತ್ತಿಯನ್ನು ಕಾಯಿರೆಂದು ಅಲ್ಲಿಯೇ ಬಾಳುವ ಮುಂದಿನವರನ್ನು ಕುರಿತು ಹೇಳುತ್ತದೆ. ಲಂಡನ್ನಿನಲ್ಲಿ ಅಕ್ಷರ ಉಳಿದಿದೆ, ಆ ಮಾತನ್ನು ಕೇಳಬೇಕಾದವರು ಇಲ್ಲಿದ್ದಾರೆ. ಬಾರ್ನೆಟ್ ಮತ್ತು ಫ್ಲೀಟರ ಪಾಠಗಳು ಇಂದು ಯಾವ ವಿದ್ಯಾರ್ಥಿಗೂ ನಿಲುಕುವಂತಿವೆ. ಅವನ್ನು ಕೈಯಲ್ಲಿ ಹಿಡಿದು ಸವದತ್ತಿ, ಹೂಲಿ, ಕಲಭಾವಿಗಳನ್ನು ಸುತ್ತಿ, ಊರಹೆಸರುಗಳನ್ನು ಕೇಳಿ, ಉಳಿದ ಕಲ್ಲುಗಳ ಸ್ಥಿತಿಯನ್ನು ದಾಖಲಿಸುವುದು ಆಗಬೇಕಾದ ಕೆಲಸ. ನವಿಲುತೀರ್ಥಕ್ಕೆ ಬರುವ ಸಾಹಿತ್ಯದ ವಿದ್ಯಾರ್ಥಿಗಳು ಅಣೆಕಟ್ಟನ್ನು ನೋಡಿದ ಮೇಲೆ ಇದಕ್ಕೂ ಒಂದು ಹೊತ್ತನ್ನು ಕೊಟ್ಟರೆ, ಯಾಪನೀಯರ ಚರಿತ್ರೆಯಲ್ಲಿ ಇನ್ನೂ ಬಿಟ್ಟುಹೋಗಿರುವ ಸಾಲುಗಳು ತುಂಬಬಹುದು.