ಆಟೋ ಶಂಕರನ ಮುನ್ನೂರು ಪುಟಗಳು



2000ನೇ ಇಸವಿ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದ. ಆಗ ಸಂಧಾನಕ್ಕೆಂದು ಕಾಡಿಗೆ ಹೋದ ‘ನಕ್ಕೀರನ್’ ಪತ್ರಿಕೆಯ ಗೋಪಾಲ್ ಅವರ ಹೆಸರು ನಿಮಗೆಲ್ಲ ನೆನಪಿದ್ದೀತು. ಅದಕ್ಕೂ ಆರು ವರ್ಷ ಮೊದಲೇ ಆ ಹೆಸರು ಸುಪ್ರೀಂ ಕೋರ್ಟಿನ ಒಂದು ದೊಡ್ಡ ತೀರ್ಪಿನಲ್ಲಿ ಸೇರಿತ್ತು. ಆ ತೀರ್ಪಿಗೆ ಕಾರಣನಾದವನು ಒಬ್ಬ ಕೊಲೆಗಡುಕ, ಆಟೋ ಶಂಕರ್.

ಅವನ ನಿಜವಾದ ಹೆಸರು ಗೌರಿಶಂಕರ್. ವೆಲ್ಲೂರು ಕಡೆಯವನು. ಮದರಾಸಿಗೆ ಬಂದು ಆಟೋ ಓಡಿಸಿದ. ತಿರುವಾನ್ಮಿಯೂರಿನಲ್ಲಿ ಕಳ್ಳಸಾರಾಯಿ ಸಾಗಿಸಿದ. ಆಮೇಲೆ ಹೆಣ್ಣುಮಕ್ಕಳನ್ನಿಟ್ಟುಕೊಂಡು ದಂಧೆ ನಡೆಸಿದ. 1988-89ರಲ್ಲಿ ಅವನೂ ಅವನ ಸಂಗಡಿಗರೂ ಸೇರಿ ಆರು ಜನರನ್ನು ಕೊಂದರು. ಕೆಲವು ಹೆಣಗಳನ್ನು ಮನೆಯೊಳಗೇ ಹೂತರು, ಒಂದನ್ನು ಸುಟ್ಟುಹಾಕಿದರು. 1990ರಲ್ಲಿ ಮದರಾಸಿನ ಜೈಲಿನಿಂದ ತಪ್ಪಿಸಿಕೊಂಡ ಶಂಕರ್, ದೂರದ ಒಡಿಶಾದ ರೂರ್ಕೆಲಾದಲ್ಲಿ ಸಿಕ್ಕಿಬಿದ್ದ. 1991ರ ಮೇ 31ರಂದು ಚೆಂಗಲ್ಪಟ್ಟಿನ ಸೆಷನ್ಸ್ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು.

ಜೈಲಿನಲ್ಲಿ ಅವನು ಸುಮಾರು 300 ಪುಟಗಳ ಆತ್ಮಕಥೆ ಬರೆದು, ಹೆಂಡತಿಯ ಕೈಗೆ ಕೊಟ್ಟನೆಂದು ಪತ್ರಿಕೆ ಹೇಳಿತು. ದೊಡ್ಡ ದೊಡ್ಡ ಅಧಿಕಾರಿಗಳಿಗೂ ಅವನಿಗೂ ಇದ್ದ ನಂಟಿನ ಕಥೆ ಅದರಲ್ಲಿತ್ತಂತೆ. ‘ನಕ್ಕೀರನ್’ ಅದನ್ನು ಧಾರಾವಾಹಿಯಾಗಿ ಅಚ್ಚು ಹಾಕಲು ಹೊರಟಿತು. 1994ರ ಜೂನ್ 15ರಂದು ಜೈಲು ಇಲಾಖೆಯ ಮುಖ್ಯಸ್ಥರಿಂದ ಕಾಗದ ಬಂತು: ಇದು ಶಂಕರ್ ಬರೆದದ್ದಲ್ಲ, ಅಚ್ಚು ಹಾಕಿದರೆ ಕಾನೂನು ಕ್ರಮ ಜರುಗಿಸುತ್ತೇವೆ ಎಂದು. ಪತ್ರಿಕೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು.

ಅದೇ ವರ್ಷ ಅಕ್ಟೋಬರ್ 7ರಂದು ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರ ಪೀಠ ತೀರ್ಪು ಕೊಟ್ಟಿತು. ಪುಸ್ತಕದ ಮಾತು ನಿಜವೋ ಸುಳ್ಳೋ ಎಂಬ ಗೋಜಿಗೆ ನ್ಯಾಯಾಲಯ ಹೋಗಲಿಲ್ಲ. ಅಧಿಕಾರಿಗಳ ಮಾನ ಹೋಗುತ್ತದೆಂದು ಸರ್ಕಾರ ಮೊದಲೇ ಅಚ್ಚು ನಿಲ್ಲಿಸುವಂತಿಲ್ಲ. ಬರೆದದ್ದು ಸುಳ್ಳಾದರೆ ಆಮೇಲೆ ದಾವೆ ಹೂಡಬಹುದು ಎಂದಿತು. ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಯಾರ ಅಪ್ಪಣೆಯೂ ಬೇಡ. ಆದರೆ ಅದನ್ನು ದಾಟಿ ಒಬ್ಬರ ಮನೆ, ಮದುವೆ, ಮಕ್ಕಳ ವಿಷಯಕ್ಕೆ ಕೈಹಾಕುವ ಹಾಗಿಲ್ಲ. ತನ್ನ ಪಾಡಿಗೆ ತಾನಿರುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಉಂಟು ಎಂದೂ ಹೇಳಿತು.

1995ರ ಏಪ್ರಿಲ್ 27ರಂದು ಸೇಲಂ ಜೈಲಿನಲ್ಲಿ ಶಂಕರನನ್ನು ನೇಣಿಗೇರಿಸಲಾಯಿತು. ತೀರ್ಪು ಮಾತ್ರ ಉಳಿಯಿತು. ಆಧಾರ್ ವಿಚಾರವಾಗಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆಗ ಪರಿಶೀಲಿಸಿದ ಹಳೆಯ ತೀರ್ಪುಗಳಲ್ಲಿ ಇದೂ ಒಂದು.

ಇಂದು ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವ ನಮಗೂ ನಿಮಗೂ ಆ ಹಕ್ಕು ಸಲ್ಲುತ್ತದೆ. ಆಟೋ ಶಂಕರನ ಹೆಸರು ಈಗಲೂ ಜನರ ಬಾಯಲ್ಲಿದೆ. ಅವನ ಕೈಯಲ್ಲಿ ಸತ್ತ ಆ ಆರು ಮಂದಿಯ ಹೆಸರು ಕೇಳಿದರೆ ಹೇಳುವವರು ಕಡಿಮೆ. ಅವರನ್ನೂ ಒಂದು ಗಳಿಗೆ ನೆನೆಯೋಣ.